ಗರ್ಭಕಂಠದ ಮಾರ್ಪಾಡು: ಪ್ರಯೋಗಪ್ರಾಣಿಗಳಿಂದ ತಿಳಿದುಬಂದ ಸಂಗತಿಗಳು

೧

ಗರ್ಭಧಾರಣೆಯ ವಿಷಯವನ್ನು ಬರೆಯುವವರು ಬಹುಮಟ್ಟಿಗೆ ಶಿಶುವಿನ ಬೆಳವಣಿಗೆಯನ್ನೂ ಅದನ್ನು ಹೊತ್ತಿರುವ ಗರ್ಭಾಶಯವನ್ನೂ ಕುರಿತೇ ಬರೆಯುತ್ತಾರೆ. ಆ ಗರ್ಭಾಶಯದ ಬಾಯನ್ನು ಕಾದುಕೊಂಡಿರುವ ಒಂದು ಸಣ್ಣ ಅಂಗದ ಕಡೆಗೆ ಗಮನ ಹರಿಯುವುದು ಕಡಮೆ. ಅದಕ್ಕೆ ಗರ್ಭಕಂಠವೆಂದು ಹೆಸರು. ಪಾಶ್ಚಾತ್ಯ ವೈದ್ಯರು ಬಳಸುವ ‘ಸರ್ವಿಕ್ಸ್’ ಎಂಬ ಲ್ಯಾಟಿನ್ ಪದಕ್ಕೂ ಕೊರಳು ಎಂದೇ ಅರ್ಥ. ಆದುದರಿಂದ ನಮ್ಮ ಪರಿಭಾಷೆಯೂ ಅವರ ಪರಿಭಾಷೆಯೂ ಒಂದೇ ಹೋಲಿಕೆಯನ್ನು ಹಿಡಿದು ಹೊರಟಿವೆ: ಗರ್ಭಾಶಯವು ಬೋರಲಾದ ಒಂದು ಗಡಿಗೆಯಂತಿದ್ದರೆ ಗರ್ಭಕಂಠವು ಅದರ ಕೊರಳು.

ಈ ಕೊರಳಿಗೆ ಪ್ರಕೃತಿಯು ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ವಹಿಸಿದೆ. ಗರ್ಭವು ನಿಂತ ದಿನದಿಂದ ತಿಂಗಳು ತುಂಬುವವರೆಗೂ ಅದು ಬಿಗಿಯಾಗಿ ಮುಚ್ಚಿಕೊಂಡಿರಬೇಕು; ಮೇಲಿನಿಂದ ಶಿಶುವಿನ ಭಾರವನ್ನು ತಡೆಯಬೇಕು, ಕೆಳಗಿನಿಂದ ರೋಗಾಣುಗಳನ್ನು ತಡೆಯಬೇಕು. ಹೆರಿಗೆಯ ಹೊತ್ತು ಬಂದಾಗಲಾದರೋ ಕೆಲವೇ ಗಂಟೆಗಳೊಳಗಾಗಿ ಶಿಶುವಿನ ತಲೆ ನುಸುಳುವಷ್ಟು ತೆರೆದುಕೊಳ್ಳಬೇಕು; ತೆರೆದು ಹರಿದುಹೋಗದೆ ಮತ್ತೆ ಮೊದಲಿನಂತೆ ಮುಚ್ಚಿಕೊಳ್ಳಬೇಕು. ಮೊದಲನೆಯ ಕೆಲಸದಲ್ಲಿ ತಪ್ಪಿದರೆ ಗರ್ಭವು ಅಕಾಲದಲ್ಲಿ ಜಾರುವುದು. ಎರಡನೆಯದರಲ್ಲಿ ತಪ್ಪಿದರೆ ತಾಯಿಮರಿಗಳೆರಡಕ್ಕೂ ಪ್ರಾಣಾಪಾಯವೊದಗುವುದು. ಒಂದೇ ಅಂಗವು ಈ ಎರಡನ್ನೂ ಹೇಗೆ ನಿರ್ವಹಿಸುತ್ತದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಪ್ರಶ್ನೆಯು ಪ್ರಯೋಗಶಾಲೆಯದಾದರೂ ಅದರ ಬೇರು ಹಟ್ಟಿ ಕೊಟ್ಟಿಗೆಗಳಲ್ಲಿದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದ ಚೇಳೂರು ಹೋಬಳಿಯಂತಹ ಸೀಮೆಯಲ್ಲಿ ತೆಂಗು ಅಡಕೆಗಳ ಬೇಸಾಯದ ಜೊತೆಗೆ ದನ, ಕುರಿ, ಮೇಕೆಗಳ ಸಾಕಣೆಯೂ ಜೀವನದ ಆಧಾರವಾಗಿರುವುದಷ್ಟೆ. ಗಬ್ಬದ ಹಸು ಈಯುವ ದಿನ ಹತ್ತಿರವಾದುದನ್ನು ಒಕ್ಕಲಿಗನು ಪಂಚಾಂಗವಿಲ್ಲದೆಯೇ ಅರಿಯಬಲ್ಲನು. ಕೆಚ್ಚಲು ತುಂಬಿಕೊಳ್ಳುವುದು, ಬಾಲದ ಬುಡದ ಎರಡು ಪಕ್ಕಗಳಲ್ಲಿಯೂ ಗುಳಿ ಬೀಳುವುದು, ಗಾಜಿನ ದಾರದಂತಹ ಲೋಳೆ ಇಳಿಯುವುದು, ಇವು ಅವನಿಗೆ ಗುರುತುಗಳು. ಗುಳಿ ಬೀಳುವುದೆಂದರೆ ಸೊಂಟದ ಮೂಳೆಗಳನ್ನು ಬಿಗಿದಿದ್ದ ಕಟ್ಟುಗಳು ಸಡಿಲವಾದುವೆಂದರ್ಥ. ಲೋಳೆ ಇಳಿಯುವುದೆಂದರೆ ಗರ್ಭಕಂಠಕ್ಕೆ ಜಡಿದಿದ್ದ ಬಿರಟೆ ಕರಗಿತೆಂದರ್ಥ. ಅಕಾಲದಲ್ಲಿ ಗರ್ಭವು ಜಾರಿದರೆ ‘ಕಂದು ಹಾಕಿತು’ ಎನ್ನುವುದು ರೂಢಿ. ಗಬ್ಬ, ಈಯು, ಕಂದು, ಮಾಸು ಎಂಬ ಈ ಮಾತುಗಳು ಕನ್ನಡದಲ್ಲಿ ಬಹು ಹಿಂದಿನಿಂದಲೂ ಬಳಕೆಯಲ್ಲಿವೆ. ಪಶುವೈದ್ಯವೂ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮನು ಸುಮಾರು ೧೨ನೆಯ ಶತಮಾನದ ಆದಿಭಾಗದಲ್ಲಿಯೇ ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿದನು. ಹೊರಗೆ ಕಾಣುವ ಗುರುತುಗಳನ್ನು ಜನರು ಬಲ್ಲರು. ಒಳಗೆ ನಡೆಯುವ ಮಾರ್ಪಾಡನ್ನು ಅಳತೆಗೆ ತಂದುದು ಕಳೆದ ಒಂದು ಶತಮಾನದ ಕೆಲಸ.

೨

ಎಲ್ಲ ಪ್ರಾಣಿಗಳ ಗರ್ಭಕಂಠವೂ ಒಂದೇ ಬಗೆಯದಲ್ಲವೆಂಬುದನ್ನು ಮೊದಲು ತಿಳಿಯಬೇಕು. ಸ್ತ್ರೀಯರಲ್ಲಿ ಗರ್ಭಾಶಯವು ಒಂದೇ, ಕಂಠವೂ ಒಂದೇ. ಅದರ ಉದ್ದ ಮೂರು ನಾಲ್ಕು ಸೆಂಟಿಮೀಟರು. ಇಲಿಯಲ್ಲಿ ಗರ್ಭಾಶಯವು ಎರಡು ಕೊಂಬುಗಳಾಗಿ ಕವಲೊಡೆದಿದ್ದು, ಅವುಗಳ ನಾಳಗಳು ಕಂಠದ ಉದ್ದಕ್ಕೂ ಬೇರೆಬೇರೆಯಾಗಿಯೇ ಸಾಗಿ ಎರಡು ಬಾಯಿಗಳಾಗಿ ತೆರೆಯುತ್ತವೆ. ಚಿಟ್ಟಿಲಿಯಲ್ಲಿ ಮೇಲುಭಾಗದಲ್ಲಿ ಎರಡಾಗಿರುವ ನಾಳವು ಕೆಳಭಾಗದಲ್ಲಿ ಕೂಡಿ ಒಂದಾಗುತ್ತದೆ. ಮೊಲದಲ್ಲಿ ಕಂಠಗಳೇ ಎರಡು. ಹಸುವಿನಲ್ಲಿ ಕಂಠವು ಉದ್ದವಾಗಿಯೂ ಗಟ್ಟಿಯಾಗಿಯೂ ಇದ್ದು ಒಳಗೆ ಉಂಗುರದಂತಹ ಮೂರು ನಾಲ್ಕು ಮಡಿಕೆಗಳಿರುತ್ತವೆ. ಕುರಿಯಲ್ಲಿ ಇಂತಹ ಉಂಗುರಗಳು ಇನ್ನೂ ಹೆಚ್ಚು. ಅವು ಒಂದರ ನೇರಕ್ಕೊಂದು ಇರದೆ ಅತ್ತಿತ್ತ ಓರೆಯಾಗಿ ನಿಂತಿರುವುದರಿಂದ ಸಣ್ಣ ಸಲಾಕೆಯನ್ನು ತೂರಿಸುವುದೂ ಕಷ್ಟ. ಕುರಿಗಳಿಗೆ ಕೃತಕ ಗರ್ಭಧಾರಣೆಯನ್ನು ಮಾಡಿಸುವುದು ದನಗಳಿಗೆ ಮಾಡಿಸುವುದಕ್ಕಿಂತ ಕಷ್ಟವಾಗಿರುವುದಕ್ಕೆ ಈ ರಚನೆಯೇ ಮುಖ್ಯ ಕಾರಣ.

ಗರ್ಭದ ಅವಧಿಯೂ ಹಾಗೆಯೇ ಬೇರೆ ಬೇರೆ. ಚಿಟ್ಟಿಲಿ ೧೯ ಅಥವಾ ೨೦ ದಿನಗಳಲ್ಲಿ ಮರಿ ಹಾಕುವುದು. ಇಲಿಗೆ ಸುಮಾರು ೨೨ ದಿನಗಳು. ಗಿನಿಹಂದಿಗೆ ಹತ್ತಿರಹತ್ತಿರ ೬೮. ಕುರಿಗೆ ಸುಮಾರು ೧೫೦. ಹಸುವಿಗೆ ಸುಮಾರು ೨೮೦. ಪ್ರಯೋಗಶಾಲೆಯವರು ಇಲಿಯ ಜಾತಿಗಳನ್ನು ಮೆಚ್ಚುವುದಕ್ಕೆ ಈ ಅಲ್ಪಾವಧಿಯೇ ಕಾರಣ. ಗರ್ಭ ನಿಂತ ದಿನವು ನಿಶ್ಚಯವಾಗಿ ಗೊತ್ತಿರುವುದರಿಂದ ಒಂದೊಂದು ದಿನದ ಅಂಗವನ್ನೂ ಬೇರೆಯಾಗಿ ತೆಗೆದು ಪರೀಕ್ಷಿಸಲು ಅಲ್ಲಿ ಸಾಧ್ಯ.

ಮೈಸೂರು ಸೀಮೆಯಲ್ಲಿಯೂ ಪ್ರಾಣಿಗಳ ಜನನಾಂಗಗಳ ಶಾಸ್ತ್ರೀಯ ವಿಚಾರಣೆಯು ಹಳೆಯದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ೧೯೩೨ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದ ಸಿ. ಆರ್. ನಾರಾಯಣರಾಯರು ೧೯೨೭ರಲ್ಲಿ ಕಾಡುಪಾಪದ ಅಂಡಾಶಯದ ರಚನೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಈ ಕಾಡುಪಾಪವು ತುಮಕೂರು ಜಿಲ್ಲೆಯ ನಾಗವಲ್ಲಿಯ ಸುತ್ತಮುತ್ತ ಇಂದಿಗೂ ಕಾಣಬರುವ ಪ್ರಾಣಿ. ಮನುಷ್ಯನು ಸೇರಿದ ವಾನರವರ್ಗಕ್ಕೇ ಸೇರಿದುದು. ಮನುಷ್ಯದೇಹದ ರಹಸ್ಯಕ್ಕೆ ಯಾವ ಪ್ರಾಣಿಯು ತಕ್ಕ ಕನ್ನಡಿಯಾಗಬಲ್ಲುದು ಎಂಬ ಪ್ರಶ್ನೆಯು ಗರ್ಭಕಂಠದ ವಿಚಾರದಲ್ಲಿಯೂ ಮೊದಲಿನಿಂದ ಕೊನೆಯವರೆಗೂ ಎದುರಾಗುವುದು.

೩

ಗರ್ಭಕಂಠವನ್ನು ಬಹುಕಾಲ ಒಂದು ಸ್ನಾಯುವಿನ ಬಳೆಯೆಂದು ಭಾವಿಸಿದ್ದರು. ಚೀಲದ ಬಾಯಿಗೆ ಕಟ್ಟಿದ ಹುರಿಯನ್ನು ಬಿಗಿದರೆ ಮುಚ್ಚುವಂತೆಯೂ ಬಿಟ್ಟರೆ ತೆರೆಯುವಂತೆಯೂ, ಸ್ನಾಯು ಬಿಗಿದಾಗ ಕಂಠ ಮುಚ್ಚಿ ಸಡಿಲಿದಾಗ ತೆರೆಯುವುದೆಂದು ಅವರ ಎಣಿಕೆ. ಅಮೆರಿಕದ ವೈದ್ಯ ಡೇವಿಡ್ ಡ್ಯಾನ್‌ಫರ್ತ್ ೧೯೪೭ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ಎಣಿಕೆಯನ್ನು ಬದಲಾಯಿಸಿತು. ಸ್ತ್ರೀಯರ ಗರ್ಭಕಂಠವು ಮುಖ್ಯವಾಗಿ ನಾರಿನಿಂದ ಕೂಡಿದ ಅಂಗ, ಸ್ನಾಯುವಿನ ಪಾಲು ಅದರಲ್ಲಿ ಸ್ವಲ್ಪವೇ ಎಂದು ಆತನು ತೋರಿಸಿದನು. ಗರ್ಭಾಶಯಕ್ಕೆ ಸಮೀಪವಾದ ಮೇಲುಭಾಗದಲ್ಲಿ ಸ್ನಾಯು ಹೆಚ್ಚಾಗಿದ್ದು ಕೆಳಕ್ಕೆ ಬಂದಂತೆಲ್ಲ ಕಡಮೆಯಾಗುವುದೆಂದು ಮುಂದಿನ ಪರೀಕ್ಷೆಗಳಿಂದ ಗೊತ್ತಾಯಿತು. ಒಟ್ಟಿನಲ್ಲಿ, ಬಾಗಿಲನ್ನು ಹಿಡಿದಿರುವುದು ಸ್ನಾಯುವಿಗಿಂತ ಹೆಚ್ಚಾಗಿ ನಾರು.

ಆ ನಾರಿಗೆ ಕೊಲ್ಲಾಜನ್ ಎಂದು ಹೆಸರು. ಚರ್ಮಕ್ಕೂ ಸ್ನಾಯುರಜ್ಜುಗಳಿಗೂ ಎಲುಬಿಗೂ ಗಟ್ಟಿತನವನ್ನು ಕೊಡುವ ಪ್ರೋಟೀನು ಇದೇ. ಇದರ ಒಂದೊಂದು ಎಳೆಯೂ ಮೂರು ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಹುರಿಯಂತಿರುವುದು. ಹುರಿಗಳು ಸೇರಿ ಹಗ್ಗವಾಗುವುವು. ಹಗ್ಗದೊಳಗಿನ ಹುರಿಗಳು ಜಾರದಂತೆ ಅಡ್ಡಬೆಸುಗೆಗಳು ಅವುಗಳನ್ನು ಹಿಡಿದಿರುವುವು. ಹಗ್ಗಗಳ ನಡುವೆ ಸಕ್ಕರೆಯ ಜಾತಿಯ ಉದ್ದವಾದ ಅಣುಗಳೂ ಅವುಗಳನ್ನು ಹೊತ್ತ ಪ್ರೋಟೀನುಗಳೂ ತುಂಬಿಕೊಂಡಿರುತ್ತವೆ. ಇವುಗಳಲ್ಲಿ ಡೆಕೊರಿನ್ ಎಂಬುದು ನಾರುಗಳನ್ನು ಅಚ್ಚುಕಟ್ಟಾಗಿ ಜೋಡಿಸಲು ನೆರವಾಗುವುದು. ಹಯಲ್ಯುರೋನನ್ ಎಂಬುದು ತನ್ನ ತೂಕದ ಎಷ್ಟೋ ಪಾಲು ನೀರನ್ನು ಹಿಡಿದು ಅಂಗಾಂಶವನ್ನು ಉಬ್ಬಿಸುವುದು. ಇದಿಷ್ಟನ್ನು ತಿಳಿದ ಮೇಲೆ ಪ್ರಶ್ನೆಯ ರೂಪವು ಬದಲಾಗುವುದು. ಸ್ನಾಯುವಾಗಿದ್ದರೆ ಕ್ಷಣದಲ್ಲಿ ಬಿಗಿದು ಕ್ಷಣದಲ್ಲಿ ಸಡಿಲಬಲ್ಲುದು. ಹಗ್ಗಕ್ಕಾದರೋ ಹಾಗೆ ಮಾಡುವ ಶಕ್ತಿಯಿಲ್ಲ. ಅದು ಸಡಿಲಬೇಕಾದರೆ ಅದರ ಹೊಸೆತವೇ ಬದಲಾಗಬೇಕು.

೪

ಈ ಬದಲಾವಣೆಯನ್ನು ಭೌತಶಾಸ್ತ್ರದ ರೀತಿಯಲ್ಲಿ ಅಳೆದವರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆರ್. ಡಿ. ಹಾರ್ಕ್‌ನೆಸ್ ಮತ್ತು ಎಂ. ಎಲ್. ಆರ್. ಹಾರ್ಕ್‌ನೆಸ್ ಇವರು ಮುಖ್ಯರು. ಗರ್ಭಿಣಿಯಾದ ಇಲಿಯ ಗರ್ಭಕಂಠದಲ್ಲಿ ಉಂಟಾಗುವ ಭೌತಿಕ ಗುಣಗಳ ವ್ಯತ್ಯಾಸವನ್ನು ಕುರಿತ ಅವರ ಪ್ರಬಂಧವು ೧೯೫೯ರಲ್ಲಿ ಹೊರಬಂದಿತು. ಅವರ ವಿಧಾನವು ಬಹು ಸರಳವಾದುದು. ಕಂಠವನ್ನು ಬಳೆಯಂತೆ ಬೇರ್ಪಡಿಸಿ ಅದರ ನಾಳದೊಳಗೆ ಎರಡು ಸಣ್ಣ ಕಂಬಿಗಳನ್ನು ತೂರಿಸುವುದು. ಒಂದನ್ನು ನೆಲೆಯಾಗಿ ನಿಲ್ಲಿಸಿ ಇನ್ನೊಂದಕ್ಕೆ ಗೊತ್ತಾದ ತೂಕವನ್ನು ತಗುಲಿಸುವುದು. ಹೊತ್ತು ಹೋದಂತೆ ಬಳೆಯು ಎಷ್ಟೆಷ್ಟು ಹಿಗ್ಗುವುದೆಂಬುದನ್ನು ಗುರುತಿಸುವುದು.

ಗರ್ಭವಿಲ್ಲದ ಇಲಿಯ ಕಂಠಕ್ಕೆ ತೂಕವನ್ನು ಕಟ್ಟಿದರೆ ಅದು ಸ್ವಲ್ಪ ಹಿಗ್ಗಿ ಅಲ್ಲಿಯೇ ನಿಲ್ಲುವುದು. ಗರ್ಭದ ಉತ್ತರಾರ್ಧದಲ್ಲಿ ಬಳೆಯ ಸುತ್ತಳತೆಯೂ ಹಿಗ್ಗುವ ಗುಣವೂ ಕ್ರಮವಾಗಿ ಹೆಚ್ಚುವುವು. ಕೊನೆಯ ಒಂದೆರಡು ದಿನಗಳಲ್ಲಿ ವ್ಯತ್ಯಾಸವು ಅತಿಶಯವಾಗುವುದು: ಅದೇ ತೂಕಕ್ಕೆ ಬಳೆಯು ನಿಲ್ಲದೆ ಹಿಗ್ಗುತ್ತಲೇ ಹೋಗುವುದು. ಮರಿ ಹಾಕಿದ ಮೇಲೆ ಬಹು ಬೇಗನೆ, ಒಂದು ದಿನ ಕಳೆಯುವಷ್ಟರಲ್ಲಿಯೇ, ಕಂಠವು ತನ್ನ ಗಟ್ಟಿತನವನ್ನು ಬಹುಮಟ್ಟಿಗೆ ಮರಳಿ ಪಡೆಯುವುದು.

ಈ ಫಲಿತಾಂಶದಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು: ಅಂಗವು ಕೇವಲ ದುರ್ಬಲವಾಯಿತೆಂದು ಹೇಳಲಾಗದು. ಬಟ್ಟೆ ಜೀರ್ಣವಾದರೆ ಎಳೆದಾಗ ಹರಿಯುವುದೇ ಹೊರತು ಹಿಗ್ಗುವುದಿಲ್ಲ. ಇಲ್ಲಿಯಾದರೋ ಎಳೆತಕ್ಕೆ ಮೆಲ್ಲಮೆಲ್ಲನೆ ಒಪ್ಪಿ ಜಾರುವ ಗುಣವೇ ಹೊಸದಾಗಿ ಬಂದಿದೆ. ಹಸಿ ಜೇಡಿಮಣ್ಣನ್ನು ಎಳೆದಂತೆ. ಎರಡನೆಯದು: ಪ್ರಾಣಿಯ ದೇಹದಿಂದ ಬೇರ್ಪಡಿಸಿದ ಮೇಲೂ, ಎಂದರೆ ನರಗಳ ಆಜ್ಞೆಯಾಗಲಿ ಗರ್ಭಾಶಯದ ನೂಕಾಟವಾಗಲಿ ಇಲ್ಲದಿರುವಾಗಲೂ, ಈ ಗುಣವು ಅಂಗದಲ್ಲಿ ಉಳಿದಿರುವುದು. ಆದುದರಿಂದ ನೋವುಗಳು ಕಂಠವನ್ನು ಬಲಾತ್ಕಾರದಿಂದ ತೆರೆಯುತ್ತವೆಂಬುದು ಪೂರ್ಣ ಸತ್ಯವಲ್ಲ. ನೋವು ಬರುವುದಕ್ಕೆ ಮುಂಚೆಯೇ ಕಂಠವು ತಾನಾಗಿ ಸಿದ್ಧವಾಗಿರುವುದು.

ಈ ಸಿದ್ಧತೆಗೆ ಪ್ರಸೂತಿತಂತ್ರದವರು ‘ಮಾಗುವಿಕೆ’ ಎಂಬರ್ಥದ ಪದವನ್ನು ಬಳಸುತ್ತಾರೆ. ಹೋಲಿಕೆಯು ಯುಕ್ತವಾಗಿದೆ. ಚೇಳೂರು ಹಲಸಿಗೆ ಹೆಸರಾದ ಊರು. ‘ಸಿದ್ದು’ ಎಂಬ ಹೆಸರಾಂತ ಹಲಸಿನ ತಳಿಯು ಆ ಊರಿನದೇ. ಹಲಸಿನ ಕಾಯಿ ಹಣ್ಣಾಗುವಾಗ ಅದರ ಪದಾರ್ಥವು ಮಾಯವಾಗುವುದಿಲ್ಲ. ಕಣಕಣಗಳನ್ನು ಅಂಟಿಸಿದ್ದ ವಸ್ತುವು ಕರಗಿ ಅವುಗಳ ಪರಸ್ಪರ ಹಿಡಿತವು ಸಡಿಲವಾಗುವುದರಿಂದಲೇ ಅದು ಮೃದುವಾಗುವುದು. ಗರ್ಭಕಂಠದಲ್ಲಿಯೂ ಸರಿಸುಮಾರು ಹೀಗೆಯೇ. ಆದರೆ ಹಣ್ಣು ಮತ್ತೆ ಕಾಯಾಗದು, ಗರ್ಭಕಂಠವಾದರೋ ಕಾಯಾಗಬಲ್ಲುದು. ಹೋಲಿಕೆಯು ಅಲ್ಲಿಗೆ ನಿಲ್ಲುತ್ತದೆ.

೫

ಮುಂದಿನ ವಿಚಾರಣೆಗಳು ಚಿಟ್ಟಿಲಿಯಲ್ಲಿ ನಡೆದುವು. ಆ ಪ್ರಾಣಿಯಲ್ಲಿ ಬೇಕಾದ ಒಂದು ಜೀನನ್ನು ತೆಗೆದುಹಾಕಿ ಪರಿಣಾಮವನ್ನು ನೋಡುವ ವಿಧಾನವು ೧೯೮೦ರ ದಶಕದ ಕೊನೆಯಲ್ಲಿ ಸಾಧ್ಯವಾದುದು ಇದಕ್ಕೆ ಕಾರಣ. ಅಮೆರಿಕದ ಡಲಸ್ ನಗರದಲ್ಲಿ ಮಾಲಾ ಮಹೇಂದ್ರೂ, ಆನ್ ವರ್ಡ್ ಮೊದಲಾದವರು ಮಾಡಿದ ಕೆಲಸವು ಇದರಲ್ಲಿ ಪ್ರಧಾನವಾದುದು. ಅವರ ವಿವರಣೆಯಂತೆ ಗರ್ಭಕಂಠದ ಮಾರ್ಪಾಡನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಬಹುದು: ಮೆದುವಾಗುವುದು, ಮಾಗುವುದು, ತೆರೆಯುವುದು, ದುರಸ್ತಿಯಾಗುವುದು.

ಮೆದುವಾಗುವ ಘಟ್ಟವು ಬಹು ದೀರ್ಘವಾದುದು. ಗರ್ಭದ ಅವಧಿಯ ಬಹುಭಾಗವನ್ನು ಇದೇ ಆಕ್ರಮಿಸುವುದು. ಈ ಕಾಲದಲ್ಲಿ ಕಂಠವು ಮುಚ್ಚಿಯೇ ಇರುವುದು, ಆದರೆ ಅದರ ನೇಯ್ಗೆಯು ಒಳಗೊಳಗೇ ಬದಲಾಗುತ್ತಿರುವುದು. ಅಡ್ಡಬೆಸುಗೆಗಳನ್ನು ಹಾಕುವ ಕಿಣ್ವಗಳ ಪ್ರಮಾಣವು ಗರ್ಭವು ನಿಂತ ಸ್ವಲ್ಪ ಕಾಲದಲ್ಲಿಯೇ ತಗ್ಗುವುದು. ಹಳೆಯ ಕೊಲ್ಲಾಜನ್ ಸವೆದುಹೋಗುತ್ತ, ಅದರ ಸ್ಥಾನದಲ್ಲಿ ಬೆಸುಗೆ ಕಡಮೆಯಾದ ಹೊಸ ಕೊಲ್ಲಾಜನ್ ಸೇರುತ್ತ ಹೋಗುವುದು. ಹಗ್ಗದ ಮೊತ್ತವು ಕಡಮೆಯಾಗದಿದ್ದರೂ ಹಗ್ಗದ ಹಿಡಿತವು ಕಡಮೆಯಾಗುವುದು ಹೀಗೆ. ಗೋಡೆಯನ್ನು ಕೆಡವದೆ, ಹಳೆಯ ಗಾರೆಯ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಗಾರೆಯಿಲ್ಲದೆ ಮತ್ತೆ ಜೋಡಿಸಿದಂತೆ ಇದು. ಗೋಡೆ ನಿಂತೇ ಇರುವುದು. ನೂಕಿದರೆ ಮಾತ್ರ ವ್ಯತ್ಯಾಸ ತಿಳಿಯುವುದು.

ಮಾಗುವ ಘಟ್ಟವು ಅಲ್ಪಕಾಲದ್ದು, ಪ್ರಸವದ ಹಿಂದಿನ ಒಂದೆರಡು ದಿನಗಳಲ್ಲಿ ನಡೆಯತಕ್ಕದ್ದು. ಆಗ ಹಯಲ್ಯುರೋನನ್ನಿನ ಉತ್ಪತ್ತಿ ಬಹಳವಾಗುವುದು. ಚಿಟ್ಟಿಲಿಯ ಕಂಠದಲ್ಲಿ ಆ ಜಾತಿಯ ಸಕ್ಕರೆಯ ಅಣುಗಳ ಒಟ್ಟು ಮೊತ್ತದಲ್ಲಿ ಗರ್ಭದ ಮೊದಲ ಭಾಗದಲ್ಲಿ ನೂರಕ್ಕೆ ೧೯ರಷ್ಟಿದ್ದ ಇದರ ಪಾಲು ಪ್ರಸವಕಾಲಕ್ಕೆ ೭೧ಕ್ಕೆ ಏರುವುದೆಂದು ಅಳೆದಿದ್ದಾರೆ. ಅಂಗಾಂಶವು ನೀರು ಹಿಡಿದು ಉಬ್ಬುವುದು, ನಾರುಗಳು ಒಂದರಿಂದೊಂದು ದೂರ ಸರಿಯುವುವು.

ಈ ನೀರೇ ಕಂಠವನ್ನು ತೆರೆಯುವ ಕಾರಣವೆಂದು ಊಹಿಸುವುದು ಸಹಜವಾಗಿತ್ತು. ಆದರೆ ಊಹೆಯು ಪರೀಕ್ಷೆಯನ್ನು ಗೆಲ್ಲಲಿಲ್ಲ. ಕಂಠದಲ್ಲಿ ಹಯಲ್ಯುರೋನನ್ ಉತ್ಪತ್ತಿಯಾಗದಂತೆ ಜೀನುಗಳನ್ನು ತೆಗೆದ ಚಿಟ್ಟಿಲಿಗಳು ಕೂಡ ಸಕಾಲದಲ್ಲಿಯೇ ಮರಿ ಹಾಕಿದುವು. ಅವುಗಳ ಕಂಠವು ಹಿಗ್ಗುವ ಗುಣದಲ್ಲಿಯೂ ಕೊರತೆಯುಂಟಾಗಲಿಲ್ಲ. ಕೊರತೆ ಕಂಡದ್ದು ಬೇರೊಂದು ಕಡೆ: ನಾಳದ ಒಳಮೈ ಪೊರೆಯು ದುರ್ಬಲವಾಗಿ, ಕೆಳಗಿನಿಂದ ಸೋಂಕು ಏರಿದಾಗ ಅಕಾಲ ಪ್ರಸವವು ಹೆಚ್ಚಾಯಿತು. ಬಾಗಿಲನ್ನು ತೆರೆಯುವುದೆಂದು ತಿಳಿದಿದ್ದ ದ್ರವ್ಯವು ವಾಸ್ತವದಲ್ಲಿ ಬಾಗಿಲನ್ನು ಕಾಯುತ್ತಿದ್ದಿತು. ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಲ್ಲವೆಂಬ ತರ್ಕಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮೂರನೆಯ ಘಟ್ಟದಲ್ಲಿ ಗರ್ಭಾಶಯದ ಸಂಕೋಚಗಳು ಆರಂಭವಾಗಿ, ಮಾಗಿದ ಕಂಠವು ಅವುಗಳಿಗೆ ಒಪ್ಪಿ ತೆರೆದುಕೊಳ್ಳುವುದು. ನಾಲ್ಕನೆಯದರಲ್ಲಿ ಬಿಳಿಯ ರಕ್ತಕಣಗಳು ಬಂದು ಸಡಿಲವಾದ ಹಳೆಯ ಸಾಮಗ್ರಿಯನ್ನು ತೆರವುಮಾಡುವುವು. ಬಿಗಿಯಾದ ಹೊಸ ನೇಯ್ಗೆಯು ಸಿದ್ಧವಾಗುವುದು.

೬

ಈ ಮಾರ್ಪಾಡಿಗೆ ಆಜ್ಞೆಯನ್ನು ಕೊಡುವವರಾರು? ಗರ್ಭವನ್ನು ಉಳಿಸುವ ಮುಖ್ಯ ದ್ರವ್ಯವು ಪ್ರೊಜೆಸ್ಟೆರೋನ್ ಎಂಬ ಹಾರ್ಮೋನು. ಇಲಿಗಳಲ್ಲಿ ಇದು ಅಂಡಾಶಯದಿಂದ ಹೊರಡುವುದು. ಪ್ರಸವವು ಸಮೀಪಿಸಿದಾಗ ರಕ್ತದಲ್ಲಿ ಇದರ ಪ್ರಮಾಣವು ಇಳಿಯುವುದು. ಇಳಿದೊಡನೆ ಗರ್ಭಾಶಯವು ಸಂಕೋಚಗೊಳ್ಳಲು ತೊಡಗುವುದು, ಕಂಠವು ಮಾಗುವುದು. ಈ ಎರಡು ಕೆಲಸಗಳೂ ಒಂದೇ ಆಜ್ಞೆಯ ಫಲವೆಂದೂ, ಒಂದು ನಡೆದರೆ ಇನ್ನೊಂದೂ ನಡೆಯುವುದೆಂದೂ ತೋರುತ್ತಿದ್ದಿತು.

ಚಿಟ್ಟಿಲಿಯ ಒಂದು ತಳಿಯು ಈ ಅಭಿಪ್ರಾಯವನ್ನು ತಿದ್ದಿತು. ಪ್ರೊಜೆಸ್ಟೆರೋನನ್ನು ಅಂಗಾಂಶದಲ್ಲಿಯೇ ಬೇರೆ ರೂಪಕ್ಕೆ ತಿರುಗಿಸುವ ಒಂದು ಕಿಣ್ವವುಂಟು. ಅದರ ಹೆಸರು ಐದು-ಆಲ್ಫಾ ರಿಡಕ್ಟೇಸ್. ಅದರ ಮೊದಲನೆಯ ಬಗೆಯ ಜೀನನ್ನು ತೆಗೆದ ಚಿಟ್ಟಿಲಿಗಳಲ್ಲಿ ಬಹುಪಾಲು ದಿನ ತುಂಬಿದರೂ ಮರಿ ಹಾಕಲಾರದೆ ಹೋದುವು. ಕಾರಣವನ್ನು ೧೯೯೯ರಲ್ಲಿ ಮಹೇಂದ್ರೂ ಮತ್ತು ಸಂಗಡಿಗರು ವಿವರಿಸಿದರು. ರಕ್ತದಲ್ಲಿ ಪ್ರೊಜೆಸ್ಟೆರೋನ್ ಎಂದಿನಂತೆ ಇಳಿದಿದ್ದಿತು. ಗರ್ಭಾಶಯವೂ ಎಂದಿನಂತೆ ಸಂಕೋಚಗೊಳ್ಳುತ್ತಿದ್ದಿತು. ಆದರೆ ಕಂಠದೊಳಗೆ ಉಳಿದ ಪ್ರೊಜೆಸ್ಟೆರೋನನ್ನು ತೆಗೆದುಹಾಕುವ ಕಿಣ್ವವಿಲ್ಲದ್ದರಿಂದ ಕಂಠವು ಮಾಗಲಿಲ್ಲ. ಮಾಗದ ಕಂಠದೆದುರಿಗೆ ಸಂಕೋಚದ ಬಲವು ವ್ಯರ್ಥವಾಯಿತು. ಅರಮನೆಯಿಂದ ಅಪ್ಪಣೆ ಹೊರಟರೂ ಊರಬಾಗಿಲಿನ ಕಾವಲುಗಾರನು ಕದವನ್ನು ತೆರೆಯದಂತಾಯಿತು. ಗರ್ಭಕಂಠವು ಗರ್ಭಾಶಯದ ಬಾಲವಲ್ಲ, ತನ್ನದೇ ಆದ ಆಡಳಿತವುಳ್ಳ ಅಂಗ ಎಂಬುದು ಇದರಿಂದ ಸಿದ್ಧವಾಯಿತು.

ಎರಡನೆಯ ದ್ರವ್ಯವು ರಿಲಾಕ್ಸಿನ್. ಇದರ ಇತಿಹಾಸವು ೧೯೨೬ಕ್ಕೆ ಹೋಗುವುದು. ಅಮೆರಿಕದ ಫ್ರೆಡರಿಕ್ ಹಿಸಾ ಎಂಬಾತನು ಗರ್ಭಿಣಿಯಾದ ಪ್ರಾಣಿಗಳ ರಕ್ತದ ಸೀರಮನ್ನು ಗರ್ಭವಿಲ್ಲದ ಗಿನಿಹಂದಿಗಳಿಗೆ ಚುಚ್ಚಿದಾಗ, ಅವುಗಳ ಸೊಂಟದ ಮುಂಭಾಗದ ಮೂಳೆಗಳ ಕಟ್ಟು ಸಡಿಲವಾಯಿತು. ೧೯೩೦ರಲ್ಲಿ ಆತನೂ ಸಂಗಡಿಗರೂ ಈ ದ್ರವ್ಯವನ್ನು ಹಂದಿಯ ಅಂಡಾಶಯದಿಂದ ಪಡೆದು ಅದಕ್ಕೆ ಹೆಸರನ್ನಿಟ್ಟರು. ಗರ್ಭಿಣಿ ಇಲಿಗಳಲ್ಲಿ ರಿಲಾಕ್ಸಿನ್ನಿನ ಶಕ್ತಿಯನ್ನು ಪ್ರತಿದ್ರವ್ಯದಿಂದ ಕುಂದಿಸಿದರೆ ಕಂಠವು ಸಾಕಷ್ಟು ಹಿಗ್ಗದೆ, ಪ್ರಸವವು ದೀರ್ಘವಾಗಿ, ಅನೇಕ ಮರಿಗಳು ಸಾಯುವುವೆಂದು ಇಲಿನಾಯ್ ವಿಶ್ವವಿದ್ಯಾನಿಲಯದ ಡೇವಿಡ್ ಶೆರ್ವುಡ್ ಮತ್ತು ಸಂಗಡಿಗರು ೧೯೮೦ರ ದಶಕದ ಉತ್ತರಾರ್ಧದಲ್ಲಿ ತೋರಿಸಿದರು. ಆದರೆ ೧೯೯೯ರಲ್ಲಿ ರಿಲಾಕ್ಸಿನ್ ಜೀನಿಲ್ಲದ ಚಿಟ್ಟಿಲಿಗಳನ್ನು ಪಡೆದಾಗ ಅವು ಜೀವಂತವಾದ ಮರಿಗಳನ್ನೇ ಹಾಕಿದುವು; ಮೊಲೆತೊಟ್ಟುಗಳು ಬೆಳೆಯದ ಕಾರಣ ಮರಿಗಳು ಹಾಲಿಲ್ಲದೆ ಸತ್ತುವು. ಕುರಿಯಲ್ಲಿಯಂತೂ ಕೆಲಸಮಾಡುವ ರಿಲಾಕ್ಸಿನ್ ಜೀನೇ ಇಲ್ಲ. ಹಸುವಿನ ವಂಶದಲ್ಲಿಯೂ ಅದು ಕಳೆದುಹೋಗಿದೆ. ಆದರೂ ಈಯುವ ಹಸುವಿನ ಬಾಲದ ಬುಡದಲ್ಲಿ ಗುಳಿ ಬೀಳುವುದು ತಪ್ಪಿಲ್ಲ. ಹೊರಗಣ ಕಾರ್ಯವೊಂದೇ ಆಗಿದ್ದರೂ ಒಳಗಣ ಕಾರಣಗಳು ಜಾತಿಗೊಂದು ಬಗೆಯಾಗಿರಬಹುದೆಂಬುದಕ್ಕೆ ಇದು ಸಾಕ್ಷಿ.

೭

ಕುರಿಯಿಂದ ಬಂದ ತಿಳಿವಳಿಕೆಯು ಮತ್ತೊಂದು ದಿಕ್ಕಿನದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ವೈದ್ಯ ಗ್ರಹಾಂ ಲಿಗಿನ್ಸ್ ೧೯೬೦ರ ದಶಕದಲ್ಲಿ ಗರ್ಭದ ಕುರಿಗಳ ಮೇಲೆ ಪರೀಕ್ಷೆಗಳನ್ನು ನಡೆಸಿದನು. ಗರ್ಭದಲ್ಲಿರುವ ಮರಿಯ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದರೆ ಕುರಿಯು ದಿನ ತುಂಬಿದರೂ ಈಯುವುದಿಲ್ಲ. ಮರಿಗೆ ಕಾರ್ಟಿಸೋಲಿನ ಜಾತಿಯ ದ್ರವ್ಯವನ್ನು ಕೊಟ್ಟರೆ ದಿನ ತುಂಬುವ ಮೊದಲೇ ಈಯುವುದು. ಎಂದರೆ ಕುರಿಯಲ್ಲಿ ಪ್ರಸವದ ಮುಹೂರ್ತವನ್ನು ಇಡುವುದು ತಾಯಿಯಲ್ಲ, ಮರಿ. ಮರಿಯ ಕಾರ್ಟಿಸೋಲು ಮಾಸಿನ ಮೇಲೆ ವರ್ತಿಸಿ ಪ್ರೊಜೆಸ್ಟೆರೋನನ್ನು ಇಳಿಸುವುದು. ಅದರಿಂದ ಪ್ರಾಸ್ಟಗ್ಲಾಂಡಿನ್ನುಗಳು ಹೆಚ್ಚಿ ಕಂಠವು ಮೆದುವಾಗುವುದು.

ಹೀಗೆ ದಿನ ತುಂಬದೆ ಹುಟ್ಟಿದ ಮರಿಗಳು ಬದುಕಲಾರವೆಂದು ನಿರೀಕ್ಷಿಸಿದ್ದರೂ ಅವುಗಳಲ್ಲಿ ಕೆಲವು ಉಸಿರಾಡಿದುವು; ಆ ದ್ರವ್ಯದಿಂದ ಅವುಗಳ ಶ್ವಾಸಕೋಶವು ಬೇಗ ಬಲಿತಿದ್ದಿತು. ಈ ಸುಳಿವನ್ನು ಹಿಡಿದು ಲಿಗಿನ್ಸ್ ಮತ್ತು ಹೋವಿ ಇವರು ೧೯೭೨ರಲ್ಲಿ ಪ್ರಕಟಿಸಿದ ಚಿಕಿತ್ಸಾಪರೀಕ್ಷೆಯಿಂದ, ಅಕಾಲ ಪ್ರಸವದ ಭಯವುಳ್ಳ ಗರ್ಭಿಣಿಯರಿಗೆ ಆ ಜಾತಿಯ ಔಷಧವನ್ನು ಕೊಡುವ ಪದ್ಧತಿಯು ಪ್ರಪಂಚದಲ್ಲೆಲ್ಲ ಹರಡಿತು. ಕುರಿಯ ಪ್ರಸವವನ್ನು ಕುರಿತ ಶುದ್ಧ ಜಿಜ್ಞಾಸೆಯು ಮನುಷ್ಯಶಿಶುಗಳ ಪ್ರಾಣವನ್ನು ಉಳಿಸಿದ ಬಗೆ ಇದು.

ಗರ್ಭಕಂಠದ ಮಾಗುವಿಕೆಯು ಗಾಯದ ಉರಿಯೂತಕ್ಕೆ ಸಮಾನವಾದ ಕ್ರಿಯೆಯೆಂಬ ಸಿದ್ಧಾಂತವನ್ನು ೧೯೮೧ರಲ್ಲಿ ಮುಂದಿಟ್ಟವನೂ ಲಿಗಿನ್ಸನೇ. ಬಿಳಿಯ ರಕ್ತಕಣಗಳು ಬಂದು ನಾರನ್ನು ಕರಗಿಸುವ ಕಿಣ್ವಗಳನ್ನು ಬಿಡುವುದರಿಂದ ಕಂಠವು ಸಡಿಲವಾಗುವುದೆಂದು ಆತನ ಮತ. ಈ ಮತವು ದೀರ್ಘಕಾಲ ಮಾನ್ಯವಾಗಿದ್ದಿತು. ಆದರೆ ಚಿಟ್ಟಿಲಿಗಳಲ್ಲಿ ನ್ಯೂಟ್ರೊಫಿಲ್ ಎಂಬ ಕಣಗಳನ್ನು ಮೊದಲೇ ನಾಶಪಡಿಸಿದರೂ ಪ್ರಸವವು ಸಕಾಲದಲ್ಲಿ ನಡೆಯಿತು. ಆ ಕಣಗಳು ಹೆಚ್ಚಾಗಿ ಬರುವುದು ಪ್ರಸವವಾದ ಮೇಲೆ, ದುರಸ್ತಿಯ ಕಾಲದಲ್ಲಿ. ಸೋಂಕಿನಿಂದಾಗುವ ಅಕಾಲ ಪ್ರಸವದಲ್ಲಿಯಾದರೋ ಉರಿಯೂತವೇ ಮುಖ್ಯ ಕಾರಣ. ಸಹಜವಾಗಿ ತೆರೆಯುವ ಬಾಗಿಲೂ ಒಡೆದು ತೆರೆದ ಬಾಗಿಲೂ ನೋಟಕ್ಕೆ ಒಂದೇ ಆದರೂ ತೆರೆದ ರೀತಿ ಬೇರೆ ಎಂಬ ಭೇದವು ಚಿಕಿತ್ಸೆಯ ದೃಷ್ಟಿಯಿಂದ ಬಹು ಮುಖ್ಯವಾದುದು.

ಕುರಿಸಾಕಣೆಯವರಿಗೆ ನೇರವಾಗಿ ತಟ್ಟುವ ಸ್ಥಿತಿಯೊಂದೂ ಇಲ್ಲಿಯೇ ಇದೆ. ಕೆಲವು ಕುರಿಗಳಲ್ಲಿ ದಿನ ತುಂಬಿ ನೋವು ಬಂದರೂ ಕಂಠವು ಒಂದೆರಡು ಬೆರಳಿನಷ್ಟು ಮಾತ್ರ ತೆರೆದು, ಗಟ್ಟಿಯಾದ ಬಳೆಯಂತೆ ನಿಂತುಬಿಡುವುದು. ಕೈಯಿಂದ ಬಲವಾಗಿ ಹಿಗ್ಗಿಸಹೋದರೆ ಹರಿದು ಕುರಿಯು ಸಾಯುವ ಅಪಾಯವುಂಟು. ಸಕಾಲದಲ್ಲಿ ಪಶುವೈದ್ಯರು ಹೊಟ್ಟೆಯನ್ನು ಕೊಯ್ದು ಮರಿಯನ್ನು ತೆಗೆಯಬೇಕಾಗುವುದು. ಮಾಗದ ಕಂಠವನ್ನು ಬಲದಿಂದ ತೆರೆಯಲಾಗದೆಂಬ ತತ್ತ್ವವು ಹಟ್ಟಿಯಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ಒಂದೇ.

೮

ಮನುಷ್ಯರ ವಿಷಯಕ್ಕೆ ಬಂದರೆ, ಈ ವಿಚಾರಣೆಯ ಪ್ರಯೋಜನವೇನೆಂಬುದು ಒಂದೆರಡು ಅಂಕಿಗಳಿಂದ ಸ್ಪಷ್ಟವಾಗುವುದು. ೨೦೨೦ನೆಯ ವರ್ಷ ಪ್ರಪಂಚದಲ್ಲಿ ಸುಮಾರು ೧ ಕೋಟಿ ೩೪ ಲಕ್ಷ ಶಿಶುಗಳು ದಿನ ತುಂಬದೆ ಹುಟ್ಟಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವುಗಳಲ್ಲಿ ಸುಮಾರು ೩೦ ಲಕ್ಷ ಭಾರತದವು. ಬೇರಾವ ದೇಶದಲ್ಲಿಯೂ ಅಷ್ಟಿಲ್ಲ. ಎಲ್ಲ ಅಕಾಲ ಜನನಗಳಿಗೂ ಕಂಠದ ದೋಷವೇ ಕಾರಣವೆಂದಲ್ಲ. ಆದರೆ ಕಾರಣ ಯಾವುದಾದರೂ ಶಿಶುವು ಹೊರಬರುವ ಮೊದಲು ಕಂಠವು ಮೆದುವಾಗಿ ತೆರೆಯಲೇಬೇಕು.

ಕಂಠವು ಅಕಾಲದಲ್ಲಿ ಸಡಿಲುವ ಸ್ತ್ರೀಯರಿಗೆ ಅದನ್ನು ಹೊಲಿದು ಬಿಗಿಯುವ ಶಸ್ತ್ರಕ್ರಿಯೆಯು ಭಾರತದ ಕೊಡುಗೆ. ೧೯೫೫ರಲ್ಲಿ ಇದನ್ನು ಪ್ರಕಟಿಸಿದ ಮುಂಬಯಿಯ ಡಾಕ್ಟರ್ ವಿ. ಎನ್. ಶಿರೋಡ್ಕರ್ ಗೋವೆಯ ಶಿರೋಡಾ ಗ್ರಾಮದಲ್ಲಿ ೧೮೯೯ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಶಾಲಾಭ್ಯಾಸವನ್ನು ಮುಗಿಸಿ, ಮುಂಬಯಿಯ ಗ್ರಾಂಟ್ ವೈದ್ಯಕಾಲೇಜಿನಲ್ಲಿ ಓದಿದವರು. ತೊಡೆಯ ನಾರುಪೊರೆಯಿಂದ ತೆಗೆದ ಪಟ್ಟಿಯನ್ನೇ ಅವರು ಕಂಠದ ಸುತ್ತ ಬಿಗಿದರು. ನಾರಿನ ಕೊರತೆಯನ್ನು ನಾರಿನಿಂದಲೇ ತುಂಬಿದ ಈ ಯುಕ್ತಿಯು ಅಂಗದ ರಚನೆಗೆ ಒಪ್ಪುವಂತಹುದು. ೧೯೫೭ರಲ್ಲಿ ಮೆಲ್ಬರ್ನಿನ ಮ್ಯಾಕ್‌ಡೊನಾಲ್ಡ್ ಇನ್ನಷ್ಟು ಸರಳವಾದ ಹೊಲಿಗೆಯನ್ನು ವಿವರಿಸಿದನು. ಇಂದು ಶ್ರವಣಾತೀತ ಧ್ವನಿಯ ಯಂತ್ರದಿಂದ ಕಂಠದ ಉದ್ದವನ್ನು ಅಳೆಯುತ್ತಾರೆ; ಗರ್ಭದ ಮಧ್ಯಕಾಲದಲ್ಲಿ ಅದು ೨೫ ಮಿಲಿಮೀಟರಿಗಿಂತ ಕಡಮೆಯಾಗಿದ್ದರೆ ಅಪಾಯದ ಸೂಚನೆಯೆಂದು ಎಣಿಸಿ ಪ್ರೊಜೆಸ್ಟೆರೋನನ್ನು ಕೊಡುವುದುಂಟು. ಇದಕ್ಕೆ ವಿರುದ್ಧವಾಗಿ, ದಿನ ತುಂಬಿಯೂ ಕಂಠವು ಮಾಗದಿದ್ದರೆ ಪ್ರಾಸ್ಟಗ್ಲಾಂಡಿನ್ನಿನ ಲೇಪವನ್ನೋ ಗುಳಿಗೆಯನ್ನೋ ಬಳಸಿ ಮಾಗಿಸುತ್ತಾರೆ.

ಪ್ರಾಣಿಗಳಿಂದ ಕಲಿತುದನ್ನೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದೆಂಬುದನ್ನೂ ಹೇಳಬೇಕು. ಇಲಿಯಲ್ಲಿಯೂ ಕುರಿಯಲ್ಲಿಯೂ ಪ್ರಸವಕ್ಕೆ ಮುಂಚೆ ರಕ್ತದ ಪ್ರೊಜೆಸ್ಟೆರೋನ್ ಇಳಿಯುವುದು, ಸ್ತ್ರೀಯರಲ್ಲಿ ಇಳಿಯುವುದಿಲ್ಲ. ಈ ವಿಷಯದಲ್ಲಿ ಸ್ತ್ರೀಯರಿಗೆ ಹತ್ತಿರವಾದುದು ಗಿನಿಹಂದಿ. ಇಲಿಯಲ್ಲಿ ರಿಲಾಕ್ಸಿನ್ ಗರ್ಭದ ಕೊನೆಯಲ್ಲಿ ಏರುವುದು. ಸ್ತ್ರೀಯರಲ್ಲಿ ಅದು ಮೊದಲ ಮೂರು ತಿಂಗಳುಗಳಲ್ಲಿಯೇ ಅಧಿಕ. ಕೃತಕವಾಗಿ ತಯಾರಿಸಿದ ಮಾನವ ರಿಲಾಕ್ಸಿನ್ನನ್ನು ೧೯೯೦ರ ದಶಕದಲ್ಲಿ ಗರ್ಭಿಣಿಯರ ಕಂಠವನ್ನು ಮಾಗಿಸಲು ಬಳಸಿ ನೋಡಿದಾಗ ನಿರೀಕ್ಷಿಸಿದ ಫಲವು ದೊರೆಯಲಿಲ್ಲ.

ಹಾಗಾದರೆ ಎಲ್ಲ ಪ್ರಾಣಿಗಳಿಗೂ ಸಾಮಾನ್ಯವಾಗಿ ಉಳಿದುದೇನು? ಬಾಗಿಲಿನ ಕೀಲಿ ಜಾತಿಗೊಂದು ಬಗೆಯಾದರೂ ಬಾಗಿಲಿನ ಕೆಲಸ ಒಂದೇ ಬಗೆ. ನಾರಿನ ಹೊಸೆತವು ಗರ್ಭದ ಮೊದಲ ಭಾಗದಿಂದಲೇ ನಿಧಾನವಾಗಿ ಬದಲಾಗುವುದು. ಕೊನೆಯಲ್ಲಿ ಶೀಘ್ರವಾಗಿ ಸಡಿಲುವುದು. ಸಂಕೋಚಗಳು ಅದನ್ನು ತೆರೆಯುವುವೇ ಹೊರತು ಸಿದ್ಧಗೊಳಿಸುವುದಿಲ್ಲ. ತೆರೆದ ಮೇಲೆ ಅದು ಮತ್ತೆ ಕಟ್ಟಿಕೊಳ್ಳುವುದು. ಪ್ರಸವವೆಂಬುದು ಒಂದು ದಿನದ ಘಟನೆಯೆಂದು ಲೋಕವು ತಿಳಿದಿದೆ. ಗರ್ಭಕಂಠದ ಲೆಕ್ಕದಲ್ಲಿ ಅದರ ಆರಂಭವು ಗರ್ಭವು ನಿಂತ ಕೆಲವು ದಿನಗಳಲ್ಲಿಯೇ ಆಗಿರುವುದು. ಅಕಾಲ ಪ್ರಸವವನ್ನು ತಡೆಯುವ ಉಪಾಯವನ್ನು ನೋವು ಆರಂಭವಾದ ಮೇಲೆ ಹುಡುಕಿದರೆ ಕಾಲ ಮಿಂಚಿರುತ್ತದೆ. ಬೆಸುಗೆಗಳು ಸಡಿಲುತ್ತಿರುವ ಆ ನಿಶ್ಶಬ್ದವಾದ ತಿಂಗಳುಗಳಲ್ಲಿಯೇ ಅದನ್ನು ಹುಡುಕಬೇಕು.